ಕುಲ್ಫಿ ಪೆಟ್ಟಿಗೆಯಲ್ಲಿ ತಾಳೆ ಗಿಡ

ನಮ್ಮ ಮನೆಯ ಹಿತ್ತಲ ಬಾಗಿಲಿನಲ್ಲಿ ಒಂದು ಏರ್ ಕೂಲರ್ ಇದೆ. ಅದರ ಬೆನ್ನು ಮನೆಯ ಕಡೆಗೆ, ಮುಖ ಹೊರಗೆ. ಬೇಸಿಗೆಯಲ್ಲಿ ಕೂಡ್ಲಿಗಿಗೆ ಬಂದವರು ಒಳಗೆ ಕೂತು, ಬೆವರು ಒರೆಸಿಕೊಂಡು, ನೀರು ಕುಡಿದು, ಆಮೇಲೆ ಅದನ್ನು ನೋಡುತ್ತಾರೆ. "ತಿರುವಿ ಇಟ್ಟೀರಲ್ರಿ" ಎನ್ನುತ್ತಾರೆ. "ಇಲ್ರಿ, ಸರಿಯಾಗೇ ಐತಿ" ಎನ್ನುತ್ತೇನೆ. ಅವರು ನನ್ನ ಮುಖ ನೋಡಿ ಇನ್ನೊಂದು ಲೋಟ ನೀರು ಕೇಳುತ್ತಾರೆ. ಹೊರಗೆ, ಕೂಲರಿನ ತಂಪು ಗಾಳಿಗೆ ಮೊಣಕಾಲೆತ್ತರದ ತಾಳೆ ಗಿಡವೊಂದು ಬೀಸಣಿಗೆಯಂಥ ಎಲೆಗಳನ್ನು ಆಡಿಸಿಕೊಂಡು ನಿಂತಿರುತ್ತದೆ. ಮೈತುಂಬ ಬೀಸಣಿಗೆ ಇಟ್ಟುಕೊಂಡ ಗಿಡಕ್ಕೆ ನಾನು ಗಾಳಿ ಹಾಕಬೇಕಾಗಿ ಬಂದಿದೆ ಎಂದರೆ ನನ್ನ ಪರಿಸ್ಥಿತಿ ನಿಮಗೆ ಅರ್ಥವಾದೀತು.

ಇದು ನಮ್ಮ ಕಡೆಯ ತಾಳೆಯಲ್ಲ. ಹಿಮಾಲಯದ ಕುಮಾವೂಂ ಗುಡ್ಡಗಳದ್ದು. ಬೆಳೆದಂತೆ ಕಾಂಡದ ಸುತ್ತ ಕಂದು ನಾರು ದಟ್ಟವಾಗಿ ಹಬ್ಬಿ, ಮರ ಕಂಬಳಿ ಹೊದ್ದು ನಿಂತ ಹಾಗೆ ಕಾಣುತ್ತದಂತೆ. ಮಂಜು ಬಿದ್ದರೂ ಕೊಡವಿಕೊಂಡು ಬದುಕುತ್ತದೆ. ಚಳಿ ದೇಶಗಳಲ್ಲಿ ಇಂಥ ತಾಳೆಗಳನ್ನು ಅಂಗಳದಲ್ಲಿ ಬೆಳೆಸುವ ಹುಚ್ಚಿನವರ ದೊಡ್ಡ ಬಳಗವೇ ಇದೆ. ಅವರ ವಿಡಿಯೋಗಳನ್ನು ನಾನು ಫೋನಿನಲ್ಲಿ ನೋಡಿದ್ದಕ್ಕೆ ಲೆಕ್ಕವಿಲ್ಲ. ಚಳಿಗಾಲಕ್ಕೆ ಮುಂಚೆ ಅವರು ಎಲೆಗಳನ್ನೆಲ್ಲ ಮೇಲೆತ್ತಿ ಜಡೆಯಂತೆ ಕಟ್ಟುತ್ತಾರೆ. ಬುಡಕ್ಕೆ ಒಣಹುಲ್ಲು ಹಾಸುತ್ತಾರೆ. ಕಾಂಡಕ್ಕೆ ಗೋಣಿತಟ್ಟು ಸುತ್ತುತ್ತಾರೆ. ಸುಳಿಯೊಳಗೆ ನೀರಿಳಿದು ಕೊಳೆಯದಂತೆ ತಲೆಗೊಂದು ಟೋಪಿ ಹಾಕುತ್ತಾರೆ. ಕೆಲವರು ಮದುವೆಮನೆಯ ದೀಪದ ಸರ ಸುತ್ತಿ ಅದರ ಬಿಸಿಯಲ್ಲಿ ಇಡುತ್ತಾರೆ. ಚಳಿ ಕಳೆದ ಮೇಲೆ ಎಲ್ಲ ಬಿಚ್ಚಿ, ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಾರೆ. ಸುಳಿ ಕೈಗೆ ಕಿತ್ತು ಬಂದರೆ ಗಿಡ ಒಳಗೇ ಕೊಳೆತಿದೆ ಎಂದರ್ಥ. ಗಟ್ಟಿಯಾಗಿ ನಿಂತರೆ ಬದುಕಿದೆ. ಗಡ್ಡ ಬಿಟ್ಟ ದೊಡ್ಡ ಗಂಡಸೊಬ್ಬ ಸುಳಿ ಕೈಗೆ ಬಂದು ಕಣ್ಣೀರು ಹಾಕಿದ್ದನ್ನು ನೋಡಿ ನಾನೂ ಒಂದು ಹೊತ್ತು ಊಟ ಬಿಟ್ಟಿದ್ದೇನೆ. (ಈ ಊಟ ಬಿಟ್ಟದ್ದು ನಿಜವೋ, ಈಗ ಬರೆಯುವಾಗ ಸೇರಿಕೊಂಡದ್ದೋ ಖಾತ್ರಿ ಇಲ್ಲ. ಇಂಥವನ್ನು ನಂಬಬೇಡಿ.)

ಆದರೆ ಗಿಡಮರಗಳ ಮೇಲಿನ ಪ್ರೀತಿಯಿಂದ ನಾನು ಇದನ್ನು ತರಿಸಲಿಲ್ಲ. ನಾನು ಸುಳ್ಳುಗಾತಿಯಲ್ಲ ಎಂದು ತೋರಿಸಿಕೊಡಲು ತರಿಸಿದೆ.

ಮೂವತ್ತು ವರ್ಷಗಳ ಹಿಂದೆ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ, ವಿದ್ಯಾರ್ಥಿಗಳ ಚಳಿಗಾಲದ ಶಿಬಿರವೊಂದಕ್ಕೆ ನಮ್ಮನ್ನು ಕುಮಾವೂಂ ಕಡೆ ಕರೆದುಕೊಂಡು ಹೋಗಿದ್ದರು. ಒಂದು ಬೆಳಿಗ್ಗೆ ಕಿಟಕಿ ತೆರೆದರೆ ಊರೆಲ್ಲ ಬೆಳ್ಳಗಾಗಿತ್ತು. ಎದುರಿನ ಹಳೆಯ ಬಂಗಲೆಯ ಅಂಗಳದಲ್ಲಿ ಒಂದು ತಾಳೆ ಮರ, ಅದರ ಒಂದೊಂದು ಬೀಸಣಿಗೆಯ ಮೇಲೂ ಹೊರೆ ಹೊರೆ ಮಂಜು. ಬಿಸಿಲಿನ ಪ್ರಾಣಿಯೊಂದು ದಾರಿ ತಪ್ಪಿ ಅಲ್ಲಿಗೆ ಬಂದು ಸಿಕ್ಕಿಹಾಕಿಕೊಂಡಂತೆ ಕಂಡಿತು. ಬಹುಶಃ ನನ್ನ ಹಾಗೆ.

ಊರಿಗೆ ಬಂದು ಮನೆಯಲ್ಲಿ ಹೇಳಿದೆ. ನನ್ನ ತಮ್ಮ ಚನ್ನಬಸವ ಆಗ ಕಾಲೇಜಿನ ಮೊದಲ ವರ್ಷದಲ್ಲಿದ್ದ. ಬಾಗಿಲಿಗೆ ಹೋಗಿ ನಿಂತು ಓಣಿಗೆಲ್ಲ ಕೇಳುವಂತೆ, "ನಮ್ಮಕ್ಕ ಮಂಜಿನಾಗ ಈಚಲ ಗಿಡ ನೋಡಿ ಬಂದಾಳಂತ್ರೋ!" ಎಂದು ಕೂಗಿದ. ಅವನಿಗೆ ತಾಳೆಯೂ ಒಂದೇ, ಈಚಲೂ ಒಂದೇ. ನಮ್ಮ ಕಡೆ ಈಚಲು ಎಂದರೆ ಹಳ್ಳದ ದಂಡೆಯಲ್ಲಿ ಯಾರೂ ನೆಡದೆ ಬೆಳೆಯುವ ಮುಳ್ಳಿನ ಗಿಡ. ಗುಡೇಕೋಟೆ ಕಡೆಯ ಅಜ್ಜನ ಹೊಲಕ್ಕೆ ಹೋದಾಗ ನಾನೂ ಚನ್ನನೂ ಅದರ ಕಾಯಿ ಕಿತ್ತು ಹುಲ್ಲಿನಲ್ಲಿ ಮುಚ್ಚಿಟ್ಟು, ಹಣ್ಣಾಯಿತೇ ಎಂದು ಗಳಿಗೆಗೊಮ್ಮೆ ತೆಗೆದು ನೋಡಿ, ಕಾಯಾಗಿರುವಾಗಲೇ ತಿಂದು ಮುಗಿಸಿ ಬಾಯಿ ಒಗರು ಮಾಡಿಕೊಳ್ಳುತ್ತಿದ್ದೆವು. ಅದರ ಗರಿ ನಮ್ಮ ಮನೆಯ ಕಸಬರಿಗೆ, ಅದರ ಗರಿಯೇ ನಾವು ಮಲಗುವ ಚಾಪೆ. ಅಂಥ ಗಿಡ ಮಂಜಿನಲ್ಲಿ! ಆ ಮುಳ್ಳಿನೊಳಗೆ ಒಮ್ಮೆ ಬಿದ್ದವಳು ನಾನು ಎಂದು ನನ್ನ ನೆನಪು. ತಾನು ಎಂದು ಚನ್ನನ ನೆನಪು. ಇಬ್ಬರ ಮೊಣಕೈಯಲ್ಲೂ ಒಂದೊಂದು ಗಾಯದ ಗುರುತಿದೆ, ಆದ್ದರಿಂದ ಅದೂ ಆಧಾರಕ್ಕೆ ಬರುವುದಿಲ್ಲ.

ಅವತ್ತಿನಿಂದ "ಮಂಜಿನ ಈಚಲು" ನಮ್ಮ ಮನೆಯ ಭಾಷೆಯಲ್ಲಿ ಸುಳ್ಳಿಗೆ ಇನ್ನೊಂದು ಹೆಸರಾಯಿತು. ಬದನೆಕಾಯಿ ಮಾರುವವಳು "ಈಗ ಕಿತ್ತು ತಂದೀನವ್ವ" ಎಂದರೆ ಅವ್ವ ಒಳಗೆ ಬಂದು "ಮಂಜಿನ ಈಚಲ" ಎನ್ನುವಳು. ಬೀಗರು ಹುಡುಗನಿಗೆ ಯಾವ ಚಟವೂ ಇಲ್ಲ ಎಂದರೆ ಮಂಜಿನ ಈಚಲು. ಚುನಾವಣೆ ಬಂದರಂತೂ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಚನ್ನನ ಮಕ್ಕಳು ಈ ಮಾತಿನ ಹುಟ್ಟು ತಿಳಿಯದೆಯೇ ಅದನ್ನು ಬಳಸಲು ಕಲಿತರು. ಮೊದಮೊದಲು ನಾನು ಸಿಟ್ಟಾಗುತ್ತಿದ್ದೆ. ಆಮೇಲೆ ನಗುತ್ತಿದ್ದೆ. ಆಮೇಲೆ, ನಿಧಾನವಾಗಿ, ನನಗೇ ಅನುಮಾನ ಬರತೊಡಗಿತು.

ನಾನು ಎಸ್ಸೆಸ್ಸೆಲ್ಸಿಯಿಂದ ದಿನಚರಿ ಬರೆಯುವವಳು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. "ಆಧಾರ ಎಲ್ಲಿದೆ?" ಎಂದು ಕೇಳಿ ಕೇಳಿ ಹುಡುಗಿಯರು ನನಗೆ ಆಧಾರ್ ಮೇಡಂ ಎಂದೇ ಹೆಸರಿಟ್ಟಿದ್ದಾರೆ. ಸರಿ, ನನ್ನ ಆಧಾರ ನೋಡೋಣ ಎಂದು ಆ ವರ್ಷದ ದಿನಚರಿ ಹುಡುಕಿ ತೆಗೆದೆ. ಆ ಬೆಳಗಿನ ಪುಟದಲ್ಲಿ ಇರುವುದು ಇಷ್ಟು: "ವಿಪರೀತ ಚಳಿ. ಅವಲಕ್ಕಿ ಎಂದು ಏನನ್ನೋ ಕೊಟ್ಟರು. ನನ್ನ ಕಾಲುಚೀಲ ಕೋಣೆಯ ಹುಡುಗಿ ಹಾಕಿಕೊಂಡಿದ್ದಾಳೆ. ಕೇಳಲು ಸಂಕೋಚ." ತಾಳೆಯ ಸುದ್ದಿಯಿಲ್ಲ. ಮಂಜಿನ ಸುದ್ದಿಯೂ ಇಲ್ಲ. ಜೀವಮಾನದಲ್ಲಿ ಮೊದಲ ಸಲ ಮಂಜು ಕಂಡವಳು ಕಾಲುಚೀಲದ ಬಗ್ಗೆ ಬರೆಯುತ್ತಾಳೆಯೇ? ಬರೆಯಬಹುದು. ಚಳಿಯಲ್ಲಿ ಕಾಲುಚೀಲ ದೊಡ್ಡ ವಿಷಯ. ಆದರೆ ಈ ವಾದವನ್ನು ನನ್ನ ವಿದ್ಯಾರ್ಥಿನಿ ಉತ್ತರಪತ್ರಿಕೆಯಲ್ಲಿ ಬರೆದಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ.

ಕನ್ನಡದಲ್ಲಿ ಒಂದನ್ನು ಇನ್ನೊಂದರ ಜೊತೆ ಹೊಂದಿಸಿ ಪರೀಕ್ಷಿಸುವುದಕ್ಕೆ "ತಾಳೆ ನೋಡುವುದು" ಎನ್ನುತ್ತೇವಲ್ಲ, ನನ್ನ ತಾಳೆಯನ್ನು ತಾಳೆ ನೋಡಲು ಏನೂ ಇರಲಿಲ್ಲ.

ಹೀಗಿರುವಾಗ ಆ ವಿಡಿಯೋಗಳು ಕಣ್ಣಿಗೆ ಬಿದ್ದವು. ಚಳಿ ತಡೆಯುವ ತಾಳೆ ಎಂಬುದು ಲೋಕದಲ್ಲಿ ಇದೆ! ಕುಮಾವೂಂ ಕಡೆಯ ನರ್ಸರಿಯೊಂದು ಸಸಿಗಳನ್ನು ಪಾರ್ಸಲ್ ಕಳಿಸುತ್ತದೆ ಎಂದು ತಿಳಿದಾಗ ಯಾರಿಗೂ ಹೇಳದೆ ಒಂದು ತರಿಸಿದೆ. ಕೂಡ್ಲಿಗಿಗೆ ನೇರವಾಗಿ ತಂದುಕೊಡುವುದಿಲ್ಲ, ಹರಪನಹಳ್ಳಿಯಿಂದ ನೀವೇ ಒಯ್ಯಬೇಕು ಎಂದರು. ಅಡ್ಡಿಯಿಲ್ಲ. ಚನ್ನ ಇರುವುದು ಹರಪನಹಳ್ಳಿಯಲ್ಲೇ, ಮೆಕ್ಕೆಜೋಳದ ವ್ಯಾಪಾರ. ಅವ್ವನೂ ಅವನ ಜೊತೆಗಿದ್ದಾಳೆ.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಮದುವೆಯಾಗಿಲ್ಲ. ದೊಡ್ಡ ಕಾರಣವೇನೂ ಇಲ್ಲ. ಓದು, ಆಮೇಲೆ ನೌಕರಿ, ಆಮೇಲೆ ಅಭ್ಯಾಸ. ಇನ್ನೊಂದು ಮಾತು ಭಾಷೆಯದ್ದು. ಕಾಲೇಜಿನಲ್ಲಿ ನಾನು ಎಷ್ಟೇ ಪುಸ್ತಕದ ಕನ್ನಡ ಮಾತಾಡಿದರೂ ಮನೆಯವರ ಜೊತೆ ಬಾಯಿ ತಾನಾಗಿ ಊರಿಗೆ ತಿರುಗುತ್ತದೆ. ಊರ ಬಾಯಲ್ಲಿ ಮನೆ ಮನಿಯಾಗುತ್ತದೆ, ಸಂತೆ ಸಂತಿಯಾಗುತ್ತದೆ. ತಾಳೆ ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಫೋನ್ ಮಾಡಿದೆ. "ಚನ್ನಾ, ನನ್ನ ತಾಳಿ ಬಂದೈತಂತ. ಹೋಗಿ ತಗೊಂಡು ಬಾ."

ಆ ಕಡೆ ಚೀಲ ಇಳಿಸುವ ಗಲಾಟೆ ಮಾತ್ರ.

"ಯಾರ ತಾಳಿ?"

"ನಂದಪ್ಪ."

"ನಿಂದಾ?"

"ಹೂಂ. ಗುಡ್ಡದ ಕಡಿಂದ ಕಳಿಸ್ಯಾರ. ಡಬ್ಬಿ ಮಾತ್ರ ಬಿಚ್ಚಬ್ಯಾಡ. ನಾನ ಬಿಚ್ಚತೀನಿ."

"ಗುಡ್ಡದ ಕಡಿ ಅಂದ್ರ... ಓದೋ ಮುಂದ ಹೋಗಿದ್ದಿಯಲ್ಲ, ಅಲ್ಲಿಂದಾ?"

"ಅಲ್ಲಿಂದನ."

"ಎಷ್ಟು ದಿನದಿಂದ ನಡದೈತಿ ಇದು?"

"ಮೂವತ್ತು ವರ್ಷದಿಂದ ತಲ್ಯಾಗಿತ್ತು. ಈಗ ಧೈರ್ಯ ಬಂತು ನೋಡು. ನೀ ನಗತೀ ಅಂತ ಹೇಳಿರಲಿಲ್ಲ."

"ನಾ ಯಾಕ ನಗಲಿ ಅಕ್ಕ?" ಅವನ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ಇಂಥಾದ್ಕ ವಯಸ್ಸೇನೈತಿ."

ವಯಸ್ಸಿನ ಮಾತು ಯಾಕೆ ಬಂತೆಂದು ಕೇಳುವಷ್ಟರಲ್ಲಿ ಫೋನ್ ಇಟ್ಟುಬಿಟ್ಟ.

ಮಧ್ಯಾಹ್ನ ಅವನ ಕಾರು ಬಂದು ನಿಂತಿತು. ಪಾರ್ಸಲ್ ತರಲು ಬೈಕು ಸಾಕಾಗಿತ್ತು. ಹಿಂದಿನ ಬಾಗಿಲಿನಿಂದ ಅವ್ವ ಇಳಿದಳು, ಮದುವೆಗಳಿಗೆಂದೇ ಎತ್ತಿಟ್ಟ ಇಳಕಲ್ ಸೀರೆಯಲ್ಲಿ. ದಾರಿಯಲ್ಲಿ ಕೊಟ್ಟೂರಿನಲ್ಲಿ ಕಾರು ನಿಲ್ಲಿಸಿ ಹೂವು, ವೀಳ್ಯದೆಲೆ, ಬಾಳೆಹಣ್ಣು ಎಲ್ಲ ಕೊಂಡಿದ್ದರು. ಚನ್ನ ಹೊಸ ಅಂಗಿ ಹಾಕಿದ್ದ. ಉದ್ದನೆಯ ರಟ್ಟಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ದೇವರ ಪೆಟ್ಟಿಗೆ ತರುವವನಂತೆ ಮೆಟ್ಟಿಲು ಹತ್ತಿದ. ಅವ್ವ ಒಳಗೆ ಬಂದವಳೇ ನನ್ನ ಮುಖವನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಕಣ್ಣು ತುಂಬಿತ್ತು.

"ಯಾವ ಜಾತಿ ಅಂತ ನಾ ಕೇಳಂಗಿಲ್ಲ ಲೀಲಾ. ಒಳ್ಳೇದಿದ್ರ ಸಾಕು."

ಅವ್ವನಿಗೆ ಗಿಡದ ಬಗ್ಗೆ ಇಷ್ಟು ಕಾಳಜಿಯೇ ಎಂದು ನಾನೂ ಅವಳ ಕೈ ಹಿಡಿದುಕೊಂಡೆ. "ಒಳ್ಳೇ ಜಾತಿನ ಅವ್ವ. ಎಂಥಾ ಥಂಡಿಗೂ ಜಗ್ಗಂಗಿಲ್ಲ. ಮೈತುಂಬ ಕೂದಲ ಇರತಾವಂತ."

ಅವ್ವ ಚನ್ನನ ಮುಖ ನೋಡಿದಳು. ಚನ್ನ ಡಬ್ಬಿಯ ಮುಖ ನೋಡಿದ.

"ಇರ್ಲಿ ಬಿಡು," ಎಂದಳು ಅವ್ವ. "ನಿಮ್ಮಪ್ಪಗೂ ಇದ್ವು."

"ಚಿಂತಿ ಒಂದ. ನಮ್ಮ ಬಿಸಲಿಗೆ ತಡಿತೈತೋ ಇಲ್ಲೋ ಅಂತ."

"ತಡಿತೈತಿ?" ಎಂದ ಚನ್ನ. "ಐತಿ ಅಂದ್ರ ಏನಕ್ಕ? ಅದಾನ ಅನ್ನು."

ನಾನು ಕತ್ತರಿ ತಂದು ಡಬ್ಬಿ ಬಿಚ್ಚಿದೆ.

ಆಮೇಲೆ ಆದದ್ದನ್ನು ನಾನು ಪೂರ್ತಿ ಬರೆಯುವುದಿಲ್ಲ. ಚನ್ನ ಗೋಡೆಗೆ ಒರಗಿ ಕೂತು, ನೆಲ ಬಡಿದು ಬಡಿದು ನಕ್ಕ. ಓಣಿಯ ಆಚೆ ಫ್ರಿಜ್ಜು, ಕೂಲರು, ಮೋಟರು ರಿಪೇರಿ ಮಾಡುವ ಖಾಜಾಸಾಬರು ಗಲಾಟೆ ಕೇಳಿ, ಕರೆಂಟು ಹೊಡೆಯಿತೇನೋ ಎಂದು ಟೆಸ್ಟರ್ ಹಿಡಿದುಕೊಂಡೇ ಓಡಿ ಬಂದರು. ವಿಷಯ ತಿಳಿದ ಮೇಲೆ ಅವರು ನಗಲಿಲ್ಲ. ಮುಖ ಆ ಕಡೆ ತಿರುಗಿಸಿದರು, ಭುಜ ಮಾತ್ರ ಕುಣಿಯುತ್ತಿತ್ತು. ಅವ್ವ ಮಡಿಲಲ್ಲಿ ಹೂವಿನ ಪೊಟ್ಟಣ ಇಟ್ಟುಕೊಂಡು ಗಿಡವನ್ನೇ ನೋಡುತ್ತ ಕೂತಿದ್ದಳು. ಹರಪನಹಳ್ಳಿಯಿಂದ ಕೂಡ್ಲಿಗಿಯವರೆಗೆ ದಾರಿಯುದ್ದಕ್ಕೂ ಅವಳು ಏನೇನು ಲೆಕ್ಕ ಹಾಕಿದ್ದಳೋ. ನಾನು ಕೇಳಲಿಲ್ಲ. ಕೊನೆಗೆ ಒಂದು ಮೊಳ ಹೂವು ಮುರಿದು ಕುಂಡದ ಕಂಠಕ್ಕೆ ಸುತ್ತಿ, "ಹೂಂ, ಏನೋ ಒಂದು ಮನಿಗೆ ಬಂತಲ್ಲ" ಎಂದಳು.

ನಗು ಇಳಿದ ಮೇಲೆ ನಾನು ಎದ್ದು ನಿಂತು, ಕ್ಲಾಸಿನ ದನಿಯಲ್ಲಿ, ಇದು ಮಂಜಿನಲ್ಲಿ ಬದುಕುವ ತಾಳೆ, ನಾನು ಅವತ್ತು ಕಂಡದ್ದು ಇದನ್ನೇ, ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಮಂಜಿನ ಈಚಲು ಎಂದು ಆಡಬಾರದು ಎಂದು ಘೋಷಿಸಿದೆ.

"ಹಂಗಲ್ಲಕ್ಕ," ಎಂದ ಚನ್ನ ಕಣ್ಣೊರೆಸಿಕೊಳ್ಳುತ್ತ. "ಡಬ್ಬ್ಯಾಗ ಗಿಡ ಬಂದ್ರ ಅದು ಮಂಜು ತಡೀತೈತಿ ಅಂತ ಹೆಂಗ? ಮಾರೋರು ಏನರ ಹೇಳ್ತಾರ. ನಾ ದಿನಾ ಜ್ವಾಳ ಮಾರತೀನಿ, ನಂಗ ಗೊತ್ತಿಲ್ಲೇನು? ನಿಮ್ಮ ಹುಡಿಗೇರಿಗೆ ನೀನ ಕೇಳ್ತಿ, ಆಧಾರ ಎಲ್ಲೈತಿ ಅಂತ. ತೋರ್ಸು."

"ಹೆಂಗ ತೋರಿಸ್ಲಿ?"

"ಮಂಜಿನಾಗ ನಿಂದ್ರಿಸು. ಅದಾದ ಮ್ಯಾಲ ಒಂದ ಹೊಸಾ ಎಲಿ ಬಿಡ್ಲಿ. ಬಿಟ್ರ ಉಗಾದಿ ದಿನ ನಾಕು ಮಂದಿ ಮುಂದ ನಿಂತು ಹೇಳ್ತೀನಿ, ಅಕ್ಕ ನೋಡಿದ್ದು ಖರೇ, ಮೂವತ್ತು ವರ್ಷ ನಾ ನಕ್ಕಿದ್ದು ತಪ್ಪು ಅಂತ."

"ಬಿಡಲಿಲ್ಲಂದ್ರ?"

"ನೀ ಹೇಳಬೇಕು. ನೋಡಿಲ್ಲ, ಸುಳ್ಳು ಹೇಳಿದ್ದೆ ಅಂತ."

ಅವ್ವನ ಎದುರಿಗೇ ನಾನು ಒಪ್ಪಿದೆ. ಈಗ ಮೂವತ್ತು ವರ್ಷದ ನನ್ನ ಮಾತು ಮೂರೇ ಎಲೆಯ ಒಂದು ಸಸಿಯ ಮೇಲೆ ನಿಂತಿತ್ತು.

ಆದರೆ ಕೂಡ್ಲಿಗಿಯಲ್ಲಿ ಮಂಜು ಎಲ್ಲಿಂದ ತರುವುದು? ನಮ್ಮ ಊರಲ್ಲಿ ಥಂಡಿ ಇಲ್ಲವೆಂದಲ್ಲ. ಜನವರಿಯಲ್ಲಿ ಬೆಳಗಿನ ಬಸ್ಸಿನವರೆಲ್ಲ ಮಂಗನ ಟೋಪಿ ಹಾಕಿ, ಕಳ್ಳರೋ ಗುಮಾಸ್ತರೋ ತಿಳಿಯದಂತೆ ಕೂತಿರುತ್ತಾರೆ. ಹುಡುಗಿಯರು ಕ್ಲಾಸಿಗೆ ತಡವಾಗಿ ಬಂದು "ಭಾಳ ಥಂಡ್ರಿ ಮೇಡಂ" ಎಂದರೆ ನಾನೂ ಒಳಗೇ ನಡುಗುತ್ತ ಕೂಡ್ರಿಸಿಕೊಳ್ಳುತ್ತೇನೆ. ಆದರೆ ಹತ್ತು ಗಂಟೆಗೆ ಸ್ವೆಟರು ಬಿಚ್ಚಿ ಸೊಂಟಕ್ಕೆ ಕಟ್ಟುವ ಥಂಡಿ ಅದು. ಕುಮಾವೂಂ ಗಿಡ ಅದನ್ನು ಬೇಸಿಗೆ ಎಂದು ತಿಳಿಯುವ ಸಾಧ್ಯತೆಯೇ ಹೆಚ್ಚು.

ದಾರಿ ತೋರಿಸಿದವರು ಖಾಜಾಸಾಬರು. "ಅಕ್ಕೋರ, ಫಿಕರ್ ಮಾಡಬ್ಯಾಡ್ರಿ. ಕುಲ್ಫಿ ಪೆಟ್ಟಿಗಿ ಒಂದು ರಿಪೇರಿಗೆ ಬಂದೈತಿ. ಅದರ ಬೀಮಾರಿ ಏನು ಗೊತ್ತೇನ್ರಿ? ಥಂಡಿ ಮಾಡೋದು ನಿಂದ್ರಸಂಗಿಲ್ಲ. ಇಟ್ಟಿದ್ದೆಲ್ಲ ಕಲ್ಲು."

"ಗಿಡಾನೂ ಕಲ್ಲಾದ್ರ?"

"ನಾ ಇಲ್ಲೇನ್ರಿ? ಮಂಜು ಹಿಡಿಯೋ ಅಷ್ಟು ಇಡತೀನಿ, ಕುಲ್ಫಿ ಆಗೋ ಅಷ್ಟು ಬ್ಯಾಡ."

ಮುಂದಿನ ಭಾನುವಾರ ಬೆಳಿಗ್ಗೆ ಕುಂಡಕ್ಕೆ ಗೋಣಿತಟ್ಟು ಸುತ್ತಿ, ಗಿಡವನ್ನು ಓರೆಯಾಗಿ ಪೆಟ್ಟಿಗೆಗೆ ಇಳಿಸಿದೆವು. ಚನ್ನ ಸಾಕ್ಷಿಯಾಗಿ ಬಂದಿದ್ದ. ಖಾಜಾಸಾಬರು ಮನಸ್ಸಿನಲ್ಲೇ ಏನೋ ಹೇಳಿಕೊಂಡು ಮುಚ್ಚಳ ಹಾಕಿದರು. ಸಂಜೆಯವರೆಗೆ ಎಂಬುದು ಕರಾರು. ನಾನು ಮನೆಗೆ ಬಂದು ಉತ್ತರಪತ್ರಿಕೆ ಹಿಡಿದು ಕೂತೆ. ಒಂದೇ ಪುಟವನ್ನು ನಾಲ್ಕು ಸಲ ಓದಿದೆ. ಗಂಟೆಗೊಮ್ಮೆ ಓಣಿ ದಾಟಿ ಹೋಗುತ್ತಿದ್ದೆ. ನಾನು ಹೋದಾಗಲೆಲ್ಲ ಖಾಜಾಸಾಬರು ಮುಚ್ಚಳ ಎತ್ತಿ ಒಳಗೆ ಇಣುಕುತ್ತಲೇ ಇದ್ದರು. ಬೇರೆಯವರ ಮಿಕ್ಸರು, ಫ್ಯಾನು ಎಲ್ಲ ಹಾಗೇ ಬಿದ್ದಿದ್ದವು.

"ಹೆಂಗೈತಿ ಖಾಜಾಣ್ಣ?"

"ಸುಮ್ನ ನಿಂತೈತ್ರಿ. ಪಾಪ, ಬಾಯಿಲ್ಲದ್ದು. ನಮ್ಮ ಮಾವನ್ನ ಆಸ್ಪತ್ರ್ಯಾಗ ಒಳಗ ಕರಕೊಂಡು ಹೋದಾಗೂ ನಂಗ ಇಷ್ಟು ಆಗಿರಲಿಲ್ಲ."

"ಮುಚ್ಚಳ ತಗೀಬ್ಯಾಡ್ರಿ ಸಾಬ್ರ," ಎಂದು ಚನ್ನ ಕುರ್ಚಿಯಿಂದಲೇ ಗದರಿಸಿದ. "ಹಂಗ ತಗದ್ರ ಥಂಡಿ ಹೊರಗ ಹೋಗತೈತಿ. ಅಕ್ಕನ ಕಡೆ ಪಾರ್ಟಿ ನೀವು."

"ಪಾರ್ಟಿ ಅಲ್ರಿ, ಜೀವ."

ಐದು ಗಂಟೆಗೆ ಮುಚ್ಚಳ ತೆಗೆದೆವು. ಬಿಳಿ ಹಬೆ ಎದ್ದು ಇಳಿಯಿತು. ಒಳಗೆ ನನ್ನ ತಾಳೆ, ಪ್ರತಿ ಎಲೆಯ ಪ್ರತಿ ಮಡಿಕೆಯಲ್ಲೂ ಬೆಳ್ಳನೆಯ ಮಂಜಿನ ಪುಡಿ ಹಿಡಿದು, ಹೆದರಿದವರ ಹಾಗೆ ಬಿಗಿಯಾಗಿ ನಿಂತಿತ್ತು. ಎಲ್ಲರೂ ನನ್ನ ಮುಖ ನೋಡಿದರು.

ಈ ಗಳಿಗೆಗೆ ನಾನು ಕಾದಿದ್ದೆ ಎಂದು ಆಗ ಗೊತ್ತಾಯಿತು. ಚನ್ನನನ್ನು ಸೋಲಿಸುವುದಲ್ಲ ನನಗೆ ಬೇಕಾಗಿದ್ದದ್ದು. ಮಂಜು ಹೊತ್ತ ತಾಳೆಯನ್ನು ಇನ್ನೊಮ್ಮೆ ಕಂಡರೆ ನನ್ನೊಳಗಿನಿಂದ ಯಾರೋ "ಹೌದು, ಇದೇ" ಎನ್ನುತ್ತಾರೆ ಎಂದುಕೊಂಡಿದ್ದೆ. ಕಾದೆ. ಯಾರೂ ಏನೂ ಅನ್ನಲಿಲ್ಲ. ಪೆಟ್ಟಿಗೆಯಿಂದ ಹಳೆಯ ಏಲಕ್ಕಿಯ ವಾಸನೆ ಬರುತ್ತಿತ್ತು. ಮೂಲೆಯಲ್ಲಿ ಕುಲ್ಫಿಯ ಎರಡು ಕಡ್ಡಿ ಬಿದ್ದಿದ್ದವು. ಕಿಟಕಿ, ಬಂಗಲೆ, ಆ ಎತ್ತರದ ಮರ ಎಲ್ಲವನ್ನೂ ಕಣ್ಣು ಮುಚ್ಚಿ ಕರೆದೆ. ಬಂದವು, ಆದರೆ ಏಲಕ್ಕಿ ವಾಸನೆಯ ಜೊತೆ ಬಂದವು. ಇವತ್ತಿಗೂ ಹಾಗೆಯೇ. ಆ ಬೆಳಗನ್ನು ನೆನೆದರೆ ಬಂಗಲೆಯ ಅಂಗಳದಲ್ಲಿ ಕುಲ್ಫಿ ಕಡ್ಡಿ ಬಿದ್ದಿರುತ್ತವೆ. ಆಧಾರ ಒದಗಿಸಲು ಹೋಗಿ ಇದ್ದ ಒಂದೇ ನೆನಪಿನ ಮೇಲೆ ನಾನೇ ಕುಲ್ಫಿ ಸುರಿದಿದ್ದೆ.

"ಇದನ್ನ ನೋಡಿದ್ದೇನಕ್ಕ?" ಎಂದ ಚನ್ನ.

"ಎಲಿ ಬರ್ಲಿ, ಆಮ್ಯಾಲ ಮಾತು," ಎಂದೆ.

ಎಲೆ ಅಷ್ಟು ಸುಲಭಕ್ಕೆ ಬರಲಿಲ್ಲ. ಈ ಗಿಡ ಸರ್ಕಾರಿ ಕಡತದ ವೇಗದಲ್ಲಿ ಬೆಳೆಯುತ್ತದೆ. ದಿನಾ ಬೆಳಿಗ್ಗೆ ಸುಳಿಯ ಪಕ್ಕ ಒಂದು ಕಡ್ಡಿ ನೆಟ್ಟು ಅಳೆದೆ. ವಿಡಿಯೋದವರಂತೆ ಎರಡು ಬೆರಳಲ್ಲಿ ಹಿಡಿದು, ಎಳೆಯಲು ಹೆದರಿ, ಸುಮ್ಮನೆ ಸವರಿ ಬಿಟ್ಟೆ. ಫೆಬ್ರವರಿ ಕಳೆಯಿತು. ಶಿವರಾತ್ರಿ ಮುಗಿಯುತ್ತಲೇ ನಮ್ಮ ಬಿಸಿಲು ತನ್ನ ನಿಜಸ್ವರೂಪಕ್ಕೆ ಬಂತು. ಎಲೆಯ ತುದಿಗಳು ಕಂದಾದವು. ಚಳಿಯನ್ನು ಒಂದೇ ದಿನದಲ್ಲಿ ಗೆದ್ದು ಬಂದ ಗಿಡ, ಗೆದ್ದೆ ಎಂದು ಹೇಳಲು ಬಾಯಿ ತೆರೆಯುವ ಮೊದಲೇ ಕೂಡ್ಲಿಗಿಯ ಮಾರ್ಚಿನಲ್ಲಿ ಸಾಯುವ ಲಕ್ಷಣ ಕಂಡಿತು. ಸತ್ತರೆ ಚನ್ನ ಬಿಸಿಲಿಗೆ ಸತ್ತಿತು ಎನ್ನುತ್ತಾನೆಯೇ? ಕುಲ್ಫಿ ಪೆಟ್ಟಿಗೆಯಲ್ಲೇ ಸತ್ತಿತ್ತು, ಈಗ ಒಣಗಿತು ಎನ್ನುತ್ತಾನೆ. ನಾನೇ ಅವನ ಜಾಗದಲ್ಲಿದ್ದರೂ ಹಾಗೇ ವಾದಿಸುತ್ತಿದ್ದೆ.

ಖಾಜಾಸಾಬರು ಹಳೆಯ ತಗಡು, ಯಾವುದೋ ಫ್ಯಾನು, ಲಾವಂಚದ ಪರದೆ ಸೇರಿಸಿ ಕೂಲರ್ ಕಟ್ಟಿದರು. ಬಾಗಿಲಲ್ಲಿ ಕೂರಿಸಿ, "ಯಾವ ಕಡೆ ಮುಖ ಮಾಡ್ಲಿ ಅಕ್ಕೋರ?" ಎಂದು ಕೇಳಿದರು. ನಾನು ಒಳಗೆ ನೋಡಿದೆ, ಹೊರಗೆ ನೋಡಿದೆ. "ಹೊರಗ" ಎಂದೆ. ಅವರು ತಿರುಗಿಸಿದರು. ಆ ತಿಂಗಳೆಲ್ಲ ನಾನು ಒಳಗೆ ರಟ್ಟಿನಿಂದ ಗಾಳಿ ಬೀಸಿಕೊಂಡೆ. ಪಾರ್ಸಲ್ ಬಂದ ಡಬ್ಬಿಯ ರಟ್ಟು, ಗಟ್ಟಿಮುಟ್ಟಾಗಿತ್ತು.

ಯುಗಾದಿಗೆ ನಾಲ್ಕು ದಿನ ಇರುವಾಗ ಸುಳಿ ಬಾಯಿ ಬಿಟ್ಟಿತು. ಹಬ್ಬದ ಬೆಳಗಿನ ಹೊತ್ತಿಗೆ ಅಂಗೈಯಗಲದ ಎಳೆ ಹಸಿರು ಬೀಸಣಿಗೆ, ಮಡಿಕೆ ಇನ್ನೂ ಪೂರ್ತಿ ಬಿಡಿಸಿರಲಿಲ್ಲ.

ಚನ್ನ ಮಾತು ಉಳಿಸಿಕೊಳ್ಳುವ ಮನುಷ್ಯ. ಹೆಂಡತಿ ಮಕ್ಕಳನ್ನು, ಅವ್ವನನ್ನು ಕರೆದುಕೊಂಡು ಬಂದ. ಖಾಜಾಸಾಬರು, ಅವರ ಮನೆಯವರು, ಓಣಿಯ ಐದಾರು ಮಂದಿ ಬೇವು ಬೆಲ್ಲಕ್ಕೆ ಬಂದಿದ್ದರು. ಚನ್ನ ಹಿತ್ತಲಲ್ಲಿ ಗಿಡದ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡ.

"ಎಲ್ಲಾರೂ ಕೇಳ್ರಿ. ನಮ್ಮಕ್ಕ ಮಂಜಿನಾಗ ಈ ಮರ ನೋಡ್ಯಾಳ. ಖರೇ ಐತಿ. ನಾ ಮೂವತ್ತು ವರ್ಷ ನಕ್ಕೀನಿ, ತಪ್ಪಾತು." ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಎದುರಿಗೆ ಮಂದಿ ಇದ್ದರು; ಅವನು ವ್ಯಾಪಾರಿ. "ಬರೇ ನೋಡಿದ್ದಲ್ರಿ. ಆ ಮರಾನ ಹಿಡಿದು ಅಲುಗಿಸ್ಯಾಳ. ಮಂಜೆಲ್ಲಾ ತಲಿಮ್ಯಾಲ ಬಿದ್ದು ಮೂರು ದಿನ ಜ್ವರ ಬಂದು ಮಲಗಿದ್ಲು. ಅಲ್ಲಿಂದ ನಂಗ ಪತ್ರ ಬರದಿದ್ಲು, ಎರಡು ಪುಟ. ಈಗ ಎಲ್ಲಾ ನೆನಪಾತು ನೋಡ್ರಿ."

"ಹೌದೇನ್ರಿ ಅಕ್ಕೋರ?" ಖಾಜಾಸಾಬರು ಸಂತೋಷದಿಂದ ಕೇಳಿದರು.

ನಾನು ಪತ್ರ ಬರೆದಿರಲಿಲ್ಲ. ನನಗೆ ಜ್ವರ ಬಂದಿರಲಿಲ್ಲ. ಬಂದಿದ್ದರೆ ದಿನಚರಿಯಲ್ಲಿ ಅದು ಕಾಲುಚೀಲದ ಪಕ್ಕ ಇರುತ್ತಿತ್ತು. ತಮ್ಮ ಸುಳ್ಳು ಹೇಳುತ್ತಿರಲಿಲ್ಲ ಎಂಬುದೂ ಅವನ ಕಣ್ಣಿನಲ್ಲಿ ಕಾಣುತ್ತಿತ್ತು. ಆ ಎರಡು ಪುಟ ಅವನಿಗೆ ನಿಜವಾಗಿ ಕಾಣಿಸುತ್ತಿತ್ತು. ಅದನ್ನು ನೋಡಿ ನನಗೆ ಭಯವಾಯಿತು. ಅವನ ಪತ್ರ ಇಷ್ಟು ಬೇಗ ಹುಟ್ಟಬಹುದಾದರೆ, ನನ್ನ ಮರ ಹುಟ್ಟಲು ಮೂವತ್ತು ವರ್ಷ ಸಾಲದೇ?

"ಪತ್ರ ಬರದಿಲ್ಲ ಚನ್ನಾ," ಎಂದೆ. "ಜ್ವರಾನೂ ಇಲ್ಲ. ಮರ... ನೋಡೀನಿ ಅಂತ ಅನಸ್ತೈತಿ. ಈಗ ನಂಗ ಖಾತ್ರಿ ಇಲ್ಲ."

ಚನ್ನ ಗಿಡ ಬಿಟ್ಟು ನನ್ನ ಎದುರಿಗೆ ಬಂದು ನಿಂತ.

"ಲೇ ಅಕ್ಕ!" ಚನ್ನ ನನಗೆ ಲೇ ಎಂದದ್ದು ಅದೇ ಮೊದಲು. "ಏನ್ ಆಟ ಹಚ್ಚೀದಿ? ಮೂವತ್ತು ವರ್ಷ ನೋಡೀನಿ ನೋಡೀನಿ ಅಂತ ಜೀವಾ ತಿಂದಿ. ಹಬ್ಬದ ದಿನ ಇಷ್ಟು ಮಂದಿ ಮುಂದ ತಪ್ಪು ಒಪ್ಪಿಕೊಂಡೀನಿ. ಈಗ ಇಲ್ಲ ಅಂತೀಯಲ್ಲ, ನನ್ನ ಮಾನದ ಗತಿ ಏನು? ನೀ ನೋಡಿದ್ದಿ!"

"ಇರಬಹುದು."

"ಇರಬಹುದಲ್ಲ. ನೋಡಿದ್ದಿ. ಜ್ವರಾನೂ ಬಂದಿತ್ತು."

"ಅಕಿ ಮೊದಲಿಂದ ಹಂಗ," ಎಂದಳು ಅವ್ವ, ಬೇವು ಬೆಲ್ಲದ ಬಟ್ಟಲು ಹಿಡಿದು ಎಲ್ಲರಿಗೂ ಕೊಡುತ್ತ. "ಹತ್ತನೇ ಕ್ಲಾಸಿನಾಗ ಶಾಲಿಗೇ ಫಸ್ಟ್ ಬಂದಾಗ ಬ್ಯಾರೆ ಯಾರದೋ ನಂಬರ್ ಇರಬೇಕವ್ವ ಅಂದಾಕಿ. ಅಕಿ ಮಾತು ಹಿಡಿಬ್ಯಾಡ್ರಿ, ತಿನ್ರಿ."

ಎಲ್ಲರೂ ನಕ್ಕು ತಿಂದರು. ಖಾಜಾಸಾಬರ ಮನೆಯವರು ನನ್ನ ಹತ್ತಿರ ಬಂದು, ಇಷ್ಟು ಓದಿಯೂ ಜಂಬ ಇಲ್ಲ ನೋಡ್ರಿ ಎಂದು ಮೆಚ್ಚಿಕೊಂಡರು. ನಾನು ಸಂಕೋಚದಿಂದ ಇಲ್ಲ ಎನ್ನುತ್ತಿದ್ದೇನೆ ಎಂಬುದು ಓಣಿಯ ಒಮ್ಮತದ ತೀರ್ಮಾನವಾಯಿತು. ಚನ್ನ ಊಟಕ್ಕೆ ಕೂತಾಗಲೂ ನನ್ನ ಕಡೆ ನೋಡಲಿಲ್ಲ. ಹೋಳಿಗೆ ಬಡಿಸುವಾಗ ಮಾತ್ರ ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಮೊದಲ ಹೇಳು, ನೋಡಿದ್ದ್ಯೋ ಇಲ್ಲೋ?" ಎಂದ. ಹೋಳಿಗೆ ಆರುತ್ತಿತ್ತು. "ನೋಡಿದ್ದೆ," ಎಂದೆ. ಕೈ ತೆಗೆದ.

ಮಂಜಿನ ಈಚಲು ಎಂಬ ಮಾತು ಈಗ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಬದನೆಕಾಯಿಯವಳ ಬಗ್ಗೆ ಅವ್ವ ಏನು ಹೇಳುತ್ತಾಳೋ ತಿಳಿಯದು. ಕತೆ ಮಾತ್ರ ಕೊಟ್ಟೂರು ದಾಟಿ ಹಡಗಲಿ, ಹಗರಿಬೊಮ್ಮನಹಳ್ಳಿಯ ಕಡೆಗೂ ಹೋಗಿದೆ; ಚನ್ನನ ಜೋಳದ ಚೀಲಗಳು ಹೋದಲ್ಲೆಲ್ಲ ಅದೂ ಹೋಗುತ್ತದೆ.

ಮೊನ್ನೆ ಕ್ಲಾಸು ಮುಗಿದ ಮೇಲೆ ಹಡಗಲಿ ಕಡೆಯ ಹುಡುಗಿಯೊಬ್ಬಳು ಮೇಜಿನ ಹತ್ತಿರ ಬಂದು ನಿಂತಳು.

"ಮೇಡಂ, ನೀವು ಹಿಮಾಲಯದಾಗ ಮಂಜು ಬಿದ್ದ ತಾಳಿ ಗಿಡ ಅಲುಗಿಸಿ, ಜ್ವರ ಬಂದು ಮಲಗಿದ್ರಂತ. ಖರೇನ್ರಿ?"

"ನಮ್ಮ ತಮ್ಮನ್ನ ಕೇಳವ್ವ," ಎಂದೆ. "ಅವಗ ಎಲ್ಲಾ ನೆನಪೈತಿ."